21 ದಿನ ಕಟ್ಟು ಬಿಚ್ಚಬಾರದು ಅಂದಿದ್ದಾರೆ, ಆಡಿನ ಕಾಲು ನಾರುತ್ತಿದೆ. ಏನು ಮಾಡಲಿ?

ಪ್ರಶ್ನೆ: ನಾವು ಇಂಡಿ ತಾಲೂಕಿನವರು. ಹನ್ನೊಂದು ವರ್ಷದಿಂದ ಪುಣೆಯ ಲೋಹಗಾಂವ್ ಕಡೆ ಇದ್ದೇವೆ. ಯಜಮಾನರು ಕಟ್ಟಡ ಕೆಲಸಕ್ಕೆ ಹೋಗುತ್ತಾರೆ, ನಾನು ನಾಲ್ಕು ಆಡು ಸಾಕಿದ್ದೇನೆ. ಅದರಲ್ಲೊಂದು ಮೂರು ವರ್ಷದ ಕರಿ ಆಡು. ಅದಕ್ಕೆ ಎರಡು ತಿಂಗಳ ಎರಡು ಮರಿ ಇವೆ. ಹೋದ ಮಂಗಳವಾರ ಅದರ ಎಡ ಮುಂಗಾಲು ಚರಂಡಿಯ ಕಬ್ಬಿಣದ ಜಾಳಿಗೆಯಲ್ಲಿ ಸಿಕ್ಕಿಕೊಂಡಿತು. ಜಗ್ಗಿಕೊಂಡಾಗ ಮೊಣಕಾಲಿನ ಕೆಳಗೆ ಟಕ್ ಅಂತ ಮುರಿಯಿತು. ರಕ್ತ ಬರಲಿಲ್ಲ, ಚರ್ಮ ಸ್ವಲ್ಪ ಕೆರೆದಿತ್ತು ಅಷ್ಟೆ. ನಮ್ಮ ಓಣಿಯ ಅಜ್ಜ ಒಬ್ಬರು ಉದ್ದಿನ ಹಿಟ್ಟಿಗೆ ಮೊಟ್ಟೆಯ ಬಿಳಿ ಲೋಳೆ ಕಲಸಿ ಹಚ್ಚಿ, ಬಿದಿರಿನ ಸೀಳು ಇಟ್ಟು, ಸೀರೆ ಅಂಚಿನಿಂದ ಬಿಗಿಯಾಗಿ ಕಟ್ಟಿಕೊಟ್ಟರು. 21 ದಿನ ಬಿಚ್ಚಬಾರದು, ಬಿಚ್ಚಿದರೆ ಎಲುಬು ಕೂಡೋದಿಲ್ಲ ಅಂದರು. ಇವತ್ತು ಐದನೇ ದಿನ. ಕಟ್ಟಿನ ಕೆಳಗೆ, ಗೊರಸಿನ ಮೇಲ್ಭಾಗ ಬಾತಿದೆ. ನಿನ್ನೆಯಿಂದ ಒಂಥರಾ ವಾಸನೆ ಬರುತ್ತಿದೆ. ಮೇವು ಅರ್ಧಕ್ಕರ್ಧ ಬಿಡುತ್ತಿದೆ. ಮೆಡಿಕಲ್ ಅಂಗಡಿಯಿಂದ ನಮ್ಮಂಥವರಿಗೆ ಕೊಡುವ ನೋವಿನ ಮಾತ್ರೆ ತಂದು ಎರಡು ಸಲ ಕೊಟ್ಟೆ. ಕಟ್ಟು ಬಿಚ್ಚಲಾ, ಬೇಡವಾ? ಹಾಲು ನಾವು ಕುಡಿಯಬಹುದಾ? ಕೆಲವರು ಕಸಾಯಿಗೆ ಕೊಟ್ಟುಬಿಡು ಅಂತಾರೆ. ನನಗೆ ಮನಸ್ಸಿಲ್ಲ.

ಉತ್ತರ: ಮೊದಲು ಅವಸರದ ಮಾತು ಹೇಳಿಬಿಡುತ್ತೇನೆ. ಕಟ್ಟು ಇವತ್ತೇ ಬಿಚ್ಚಿ. ನಾಳೆಗೆ ಇಡಬೇಡಿ. ಕಟ್ಟಿನ ಕೆಳಗೆ ಬಾವು, ಮೇಲೆ ವಾಸನೆ, ಜೊತೆಗೆ ಮೇವು ಕಡಿಮೆ. ಈ ಮೂರೂ ಒಟ್ಟಿಗೆ ಬಂದರೆ ಒಳಗೆ ಚರ್ಮ ಕೆಡುತ್ತಿದೆ ಅಂತಲೇ ತಿಳಿಯಬೇಕು. ಕಾರಣ, ಅಪಾಯ, ಮುಂದಿನ ದಾರಿ ಎಲ್ಲ ಬಿಚ್ಚಿದ ಮೇಲೆ ಓದಿದರೂ ನಡೆಯುತ್ತದೆ.

ಬಿಚ್ಚುವ ರೀತಿ ಹೀಗೆ. ಇಬ್ಬರು ಬೇಕು. ಆಡನ್ನು ಎಡಗಾಲು ಮೇಲೆ ಬರುವಂತೆ ಬಲ ಮಗ್ಗುಲಿಗೆ ಮಲಗಿಸಿ, ಎದೆ ಮತ್ತು ತಲೆಯನ್ನು ಒಬ್ಬರು ತೊಡೆಯ ಮೇಲೆ ಎತ್ತಿ ಹಿಡಿದುಕೊಳ್ಳಲಿ. ಪೂರ್ತಿ ಚಪ್ಪಟೆಯಾಗಿ ತುಂಬ ಹೊತ್ತು ಮಲಗಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ಅವರೇ ಒಂದು ಕೈಯಲ್ಲಿ ಗೊರಸು ಹಿಡಿದು ಕಾಲನ್ನು ನೆಟ್ಟಗೆ, ಮೆಲ್ಲಗೆ ಕೆಳಮುಖವಾಗಿ ಎಳೆದಂತೆ ಇರಲಿ. ಇನ್ನೊಬ್ಬರು ಉಗುರುಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ಕಟ್ಟಿನ ಮೇಲೆ ಹತ್ತು ನಿಮಿಷ ಇಡಿ. ಒಣಗಿದ ಉದ್ದಿನ ಹಿಟ್ಟು ಕೂದಲಿಗೆ ಅಂಟಿಕೊಂಡಿರುತ್ತದೆ. ನೆನೆಸದೆ ಕಿತ್ತರೆ ಚರ್ಮವೂ ಜೊತೆಗೆ ಬರುತ್ತದೆ. ಆಮೇಲೆ ಮೊಂಡು ತುದಿಯ ಕತ್ತರಿಯಿಂದ ಮೇಲಿನಿಂದ ಕೆಳಗೆ ಉದ್ದಕ್ಕೆ ಬಟ್ಟೆ ಕತ್ತರಿಸಿ. ಬ್ಲೇಡು, ಕುಡುಗೋಲು ಬೇಡ.

ಈಗ ಕೈಯಿಂದ ನೋಡುವ ಕೆಲಸ. ನಿಮ್ಮ ಒಂದು ಅಂಗೈಯಲ್ಲಿ ಮುರಿದ ಕಾಲಿನ ಗೊರಸು, ಇನ್ನೊಂದರಲ್ಲಿ ಒಳ್ಳೆಯ ಮುಂಗಾಲಿನ ಗೊರಸು ಹಿಡಿಯಿರಿ. ಗೊರಸು ಮುಗಿದು ಕೂದಲು ಶುರುವಾಗುವ ಜಾಗಕ್ಕೆ ಬೆರಳು ತಾಗಲಿ. ಎರಡೂ ಒಂದೇ ಬಿಸಿ ಇವೆಯಾ? ಕಣ್ಣು ಮುಚ್ಚಿಕೊಂಡು ಹಿಡಿದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಆಮೇಲೆ ಎರಡು ಗೊರಸಿನ ನಡುವಿನ ಮೆತ್ತನೆ ಚರ್ಮವನ್ನು ಉಗುರಿನಿಂದ ಚಿವುಟಿ. ಆಡು ಕಾಲು ಹಿಂದಕ್ಕೆ ಎಳೆದುಕೊಂಡರೆ, ಮುಖ ತಿರುಗಿಸಿ ನೋಡಿದರೆ ಒಳ್ಳೆಯ ಸುದ್ದಿ, ಕಾಲಿನಲ್ಲಿ ಜೀವ ಇದೆ. ಚರ್ಮ ಕೆಂಪಗೆ, ಒದ್ದೆಯಾಗಿ, ಸುಲಿದಂತೆ ಇದ್ದರೂ ಹೆದರಬೇಡಿ, ಅದು ಮಾಯುತ್ತದೆ. ಆದರೆ ಗೊರಸು ತಣ್ಣಗಿದ್ದು, ಚಿವುಟಿದರೂ ಗೊತ್ತಾಗದೆ, ಚರ್ಮ ನೀಲಿ ಅಥವಾ ಕಪ್ಪಾಗಿ, ಒಂದು ಗೆರೆ ಎಳೆದಂತೆ ಕೆಟ್ಟ ಭಾಗ ಬೇರೆಯಾಗಿ ಕಂಡರೆ ಮನೆಯಲ್ಲಿ ಮಾಡುವ ಕೆಲಸ ಅಲ್ಲಿಗೆ ಮುಗಿಯಿತು. ಅದೇ ದಿನ ಡಾಕ್ಟರು ನೋಡಬೇಕು.

ನಿಮ್ಮ ಪತ್ರದಲ್ಲಿ ಎರಡು ಭಯ ಕಾಣುತ್ತಿವೆ. ಬಿಚ್ಚಿದರೆ ಎಲುಬು ಕೂಡುವುದಿಲ್ಲ ಅನ್ನುವುದು ಒಂದು. ಬಿಚ್ಚದಿದ್ದರೆ ಕಾಲೇ ಹೋಗುತ್ತದೆ ಅನ್ನುವುದು ಇನ್ನೊಂದು. ಎರಡನೆಯ ಭಯವೇ ಸರಿ. ಇಷ್ಟು ವರ್ಷಗಳಲ್ಲಿ ನಾನು ಕಂಡ ಆಡು, ಕುರಿಗಳಲ್ಲಿ ಎಲುಬು ಮುರಿದದ್ದರಿಂದ ಕಾಲು ಹೋದದ್ದು ಕಡಿಮೆ. ಕಟ್ಟಿನಿಂದ ಹೋದದ್ದೇ ಜಾಸ್ತಿ.

ಕಾರಣ ಹೇಳುತ್ತೇನೆ. ಎಲುಬು ಮುರಿದ ಮೊದಲ ಎರಡು ಮೂರು ದಿನ ಬಾವು ಏರುತ್ತಲೇ ಇರುತ್ತದೆ. ನೀವು ಕಟ್ಟಿದ್ದು ಮೊದಲ ದಿನ, ಬಾವು ಇನ್ನೂ ಬರದಿದ್ದಾಗ. ಒಳಗೆ ಕಾಲು ದಪ್ಪವಾಗುತ್ತಾ ಹೋಯಿತು. ಮೇಲೆ ಉದ್ದಿನ ಹಿಟ್ಟು ಒಣಗಿ ಬಿಗಿಯಾಗುತ್ತಾ ಬಂತು. ನಡುವೆ ಸಿಕ್ಕಿದ್ದು ರಕ್ತನಾಳ. ರಕ್ತ ವಾಪಸು ಒಯ್ಯುವ ನಾಳದ ಗೋಡೆ ತೆಳು, ಅದು ಮೊದಲು ಮುಚ್ಚಿಕೊಳ್ಳುತ್ತದೆ. ರಕ್ತ ತರುವ ನಾಳ ಗಟ್ಟಿ, ಅದು ತಳ್ಳುತ್ತಲೇ ಇರುತ್ತದೆ. ಬಂದ ರಕ್ತಕ್ಕೆ ಹೋಗಲು ದಾರಿಯಿಲ್ಲ. ಹಾಗಾಗಿ ಕಟ್ಟಿನ ಕೆಳಗೆ ಬಾಯುತ್ತದೆ, ಬಾತಷ್ಟೂ ಕಟ್ಟು ಇನ್ನೂ ಬಿಗಿಯಾಗುತ್ತದೆ. ಕಡೆಗೆ ರಕ್ತ ಬರುವುದೂ ನಿಲ್ಲುತ್ತದೆ. ಆಡಿನ ಮೊಣಕಾಲಿನ ಕೆಳಗೆ ಮಾಂಸವೇ ಇಲ್ಲ ಅಲ್ವಾ, ಬರೀ ಚರ್ಮ, ನರ, ಎಲುಬು. ಒತ್ತಡ ತಡೆದುಕೊಳ್ಳಲು ಅಲ್ಲಿ ಏನೂ ಇಲ್ಲ.

ಹಾಗಂತ ಆ ಅಜ್ಜ ಹೇಳಿದ 21 ದಿನದ ಮಾತು ಬುಡವಿಲ್ಲದ್ದಲ್ಲ. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಎರಡು ಮೂರು ವಾರದಲ್ಲಿ ಅದು ಮೆತ್ತನೆಯ, ರಬ್ಬರಿನಂಥ ಗಂಟಾಗಿ ಎರಡೂ ತುದಿಗಳನ್ನು ಹಿಡಿದುಕೊಳ್ಳುತ್ತದೆ. ಅದು ಗಟ್ಟಿ ಎಲುಬಾಗಲು ಇನ್ನಷ್ಟು ವಾರ ಬೇಕು. ಮೂರು ವಾರಕ್ಕೆ ಎಲುಬು 'ಹಿಡಿಯಿತು' ಅನ್ನುವುದನ್ನು ಹಿಂದಿನವರು ಕೈಯಲ್ಲಿ ಮುಟ್ಟಿ ತಿಳಿದಿದ್ದರು. ಅಷ್ಟು ದಿನ ಕಾಲು ಅಲುಗಾಡಬಾರದು ಅನ್ನುವುದು ನಿಜ. ಅಷ್ಟು ದಿನ ಕಾಲನ್ನು ನೋಡಲೇಬಾರದು ಅನ್ನುವುದು ಆಮೇಲೆ ಸೇರಿಕೊಂಡದ್ದು. ಮೆಲ್ಲಗೆ ಹಿಡಿದು, ನೆಟ್ಟಗಿಟ್ಟು, ಬಿಚ್ಚಿ ಮತ್ತೆ ಕಟ್ಟಿದರೆ ಐದನೇ ದಿನ ಹಾಳಾಗುವಂಥದ್ದು ಅಲ್ಲಿ ಏನೂ ಇರುವುದಿಲ್ಲ.

ಅಜ್ಜನ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೂ ಇದೇ ತಪ್ಪು ಮಾಡಿದ್ದೇನೆ. ಇಟ್ಟಿಗೆ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದ ಕಲಬುರಗಿ ಕಡೆಯ ಒಂದು ಸಂಸಾರ ಮುರಿದ ಕಾಲಿನ ಮರಿ ತಂದಿತ್ತು. ಮುರಿದು ಎರಡು ತಾಸು ಆಗಿತ್ತು. ನಾನು ಅವತ್ತೇ ಸುತ್ತ ಪೂರ್ತಿ ಪ್ಲಾಸ್ಟರ್ ಹಾಕಿ ಕಳಿಸಿದೆ. ಮೂರನೇ ದಿನ ಬಂದು ತೋರಿಸಿ ಅಂತ ಹೇಳಲಿಲ್ಲ. ಹನ್ನೆರಡನೇ ದಿನ ಅವರು ಬಂದಾಗ ಪ್ಲಾಸ್ಟರ್ ಒಳಗಿನ ಕಾಲು ಸತ್ತಿತ್ತು. ಆ ಹೆಣ್ಣುಮಗಳು ನನ್ನನ್ನು ಏನೂ ಅನ್ನಲಿಲ್ಲ. ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಳು. ಅವತ್ತಿನಿಂದ ನಾನು ಮೊದಲ ದಿನ ಸುತ್ತ ಪ್ಲಾಸ್ಟರ್ ಹಾಕುವುದಿಲ್ಲ. ಹತ್ತಿ, ಆಸರೆ ಪಟ್ಟಿ ಅಷ್ಟೆ. ಬಾವು ಇಳಿದ ಮೇಲೆ ಪ್ಲಾಸ್ಟರ್.

ಕಟ್ಟು ಬಿಚ್ಚಿದಿರಿ, ಗೊರಸು ಬೆಚ್ಚಗಿದೆ ಅಂದುಕೊಳ್ಳೋಣ. ಒಂದು ಲೀಟರ್ ನೀರು ಕುದಿಸಿ ಆರಿಸಿ, ಟೀ ಚಮಚದಲ್ಲಿ ಒಂದೂವರೆ ಚಮಚ ಉಪ್ಪು ಹಾಕಿ ಕಾಲು ತೊಳೆಯಿರಿ. ಸ್ವಚ್ಛ ಬಟ್ಟೆಯಿಂದ ಒತ್ತಿ ಒರೆಸಿ, ಉಜ್ಜಬೇಡಿ. ಸುಲಿದ ಜಾಗಕ್ಕೆ ನೀರು ಬೆರೆಸಿ ತೆಳು ಮಾಡಿದ ಪೊವಿಡೋನ್ ಅಯೋಡಿನ್ ಹಚ್ಚಿ. ಅರಿಶಿನ, ಬೇವು ಹಚ್ಚಲಾ ಅಂತ ಕೇಳುತ್ತೀರಿ. ಮೇಲಿನ ಸಣ್ಣ ಗಾಯಕ್ಕೆ ಅರಿಶಿನ, ಬೇವಿನ ಎಲೆ, ಬೆಳ್ಳುಳ್ಳಿ, ಕುಪ್ಪಿಗಿಡವನ್ನು ಎಣ್ಣೆಯಲ್ಲಿ ಕಾಯಿಸಿ ಹಚ್ಚುವ ಪದ್ಧತಿಯನ್ನು ಈಗ ಪಶುವೈದ್ಯರೂ ಹೇಳಿಕೊಡುತ್ತಾರೆ. ಆದರೆ ಕಟ್ಟಿನ ಒಳಗೆ ಹಾಕಬೇಡಿ, ಗಾಳಿಯಿಲ್ಲದೆ ಒದ್ದೆಯಾಗಿ ಕೊಳೆಯುತ್ತದೆ. ಸುಣ್ಣ, ಸೀಮೆ ಎಣ್ಣೆ, ಗಾಡಿಯ ಹಳೆ ಆಯಿಲ್, ಬ್ಯಾಟರಿ ಪುಡಿ ಇವುಗಳನ್ನೆಲ್ಲ ಗಾಯಕ್ಕೆ ಹಾಕಿದ್ದು ನೋಡಿದ್ದೇನೆ. ಎಲ್ಲವೂ ಜೀವಂತ ಮಾಂಸವನ್ನೇ ಸುಡುತ್ತವೆ. ಬರೆ ಹಾಕಿಸುವುದಂತೂ ಬೇಡವೇ ಬೇಡ. ಮುರಿದ ಕಾಲಿನ ಮೇಲೆ ಸುಟ್ಟ ಗಾಯ ಇನ್ನೊಂದು ಸೇರುತ್ತದೆ, ಅಷ್ಟೆ. ಎಣ್ಣೆ ಹಚ್ಚಿ ತಿಕ್ಕುವುದೂ ಬೇಡ. ಎಲುಬಿನ ಮುರಿದ ತುದಿ ಗಾಜಿನ ಚೂರಿನಂತೆ ಇರುತ್ತದೆ. ತಿಕ್ಕಿದರೆ ಒಳಗಿನ ನಾಳ ಕೊಯ್ಯುತ್ತದೆ, ಇಲ್ಲವೇ ಚರ್ಮ ತೂರಿ ಹೊರಗೆ ಬರುತ್ತದೆ.

ಗಾಯದಲ್ಲಿ ತೂತು ಕಂಡು, ಒಳಗೆ ಏನೋ ಮಿಸುಕಿದಂತೆ ಅನಿಸಿದರೆ ಹುಳ ಬಿದ್ದಿವೆ. ಮಳೆಗಾಲದ ಪುಣೆಯಲ್ಲಿ ಇದಕ್ಕೆ ಎರಡು ದಿನ ಸಾಕು. ಫಿನಾಯಿಲ್ ಸುರಿಯಬೇಡಿ. ಗಾಜ್ ಬಟ್ಟೆಗೆ ಟರ್ಪೆಂಟೈನ್ ಎಣ್ಣೆಯ ನಾಲ್ಕು ಹನಿ ಹಾಕಿ ತೂತಿನ ಬಾಯಿಗೆ ಹತ್ತು ನಿಮಿಷ ಇಟ್ಟರೆ ಹುಳ ಮೇಲೆ ಬರುತ್ತವೆ. ಚಿಮಟದಿಂದ ಒಂದೊಂದಾಗಿ ತೆಗೆದು ಉಪ್ಪುನೀರಲ್ಲಿ ತೊಳೆಯಿರಿ. ಎಲ್ಲ ಬಂದವು ಅಂತ ಅನಿಸಿದರೂ ಮರುದಿನ ಮತ್ತೆ ನೋಡಬೇಕು. ಚರ್ಮ ಒಡೆದ ಆಡಿಗೆ ಧನುರ್ವಾಯು ಬರುವ ಭಯ ಇರುತ್ತದೆ, ಟಿಟಿ ಇಂಜೆಕ್ಷನ್ ಕೇಳಿ ಹಾಕಿಸಿ.

ದವಾಖಾನೆಗೆ ಒಯ್ಯುವವರೆಗೆ ಕಾಲು ಹೀಗೆ ಬಿಡುವಂತಿಲ್ಲ. ಎರಡಿಂಚಿನ ಪಿವಿಸಿ ಪೈಪು ತಗೊಳ್ಳಿ. ನಿಮ್ಮ ಯಜಮಾನರ ಸೈಟಿನಲ್ಲಿ ತುಂಡು ಸಿಗುತ್ತದೆ. ಉದ್ದಕ್ಕೆ ಸೀಳಿ ಅರ್ಧ ಮಾಡಿ, ಅಂಚುಗಳನ್ನು ಅರದಿಂದ ಉಜ್ಜಿ ನುಣುಪು ಮಾಡಿ. ಉದ್ದ ಎಷ್ಟು ಅನ್ನುವುದೇ ಮುಖ್ಯ. ಮುರಿದದ್ದು ಮೊಣಕಾಲಿನ ಕೆಳಗೆ ಅಂದರೆ ಪೈಪು ಗೊರಸಿನಿಂದ ಶುರುವಾಗಿ ಮೊಣಕಾಲು ದಾಟಿ ಮೊಳಕೈ ಗಂಟಿನ ಸ್ವಲ್ಪ ಕೆಳಗಿನವರೆಗೆ ಬರಬೇಕು. ಮುರಿದ ಜಾಗದ ಮೇಲಿನ ಕೀಲು, ಕೆಳಗಿನ ಕೀಲು ಎರಡೂ ಅಲುಗಬಾರದು. ಮುರಿದಷ್ಟೇ ಜಾಗಕ್ಕೆ ಗಿಡ್ಡ ಬಿದಿರು ಕಟ್ಟಿದರೆ ಅದು ಸನ್ನೆಕೋಲಿನ ಹಾಗೆ ಕೆಲಸ ಮಾಡಿ ಎಲುಬನ್ನು ಇನ್ನೂ ಅಗಲಿಸುತ್ತದೆ. ಮೊದಲು ಹತ್ತಿ ಸುರುಳಿ ಮೂರು ಸುತ್ತು, ಮೊಣಕಾಲಿನ ಉಬ್ಬುಗಳ ಮೇಲೆ ಇನ್ನೂ ಒಂದು ಸುತ್ತು. ಅದರ ಮೇಲೆ ಗಾಜ್ ಪಟ್ಟಿ. ಅದರ ಮೇಲೆ ಪೈಪಿನ ಅರ್ಧ. ಆಮೇಲೆ ಕೆಳಗಿನಿಂದ ಮೇಲಕ್ಕೆ ಕ್ರೇಪ್ ಪಟ್ಟಿ. ಸುತ್ತಿದ ಮೇಲೆ ಮೇಲಿನ ಅಂಚಿನಲ್ಲಿ ನಿಮ್ಮ ಒಂದು ಬೆರಳು ಸಲೀಸಾಗಿ ಒಳಗೆ ಹೋಗಬೇಕು. ಗೊರಸಿನ ಎರಡೂ ತುದಿ ಹೊರಗೆ ಕಾಣಲಿ, ದಿನಕ್ಕೆರಡು ಸಲ ಮುಟ್ಟಿ ನೋಡಬೇಕಲ್ಲ. ಮಳೆ ಇದ್ದರೆ ಹೊರಗೆ ಹೋಗುವಾಗ ಮಾತ್ರ ಪ್ಲಾಸ್ಟಿಕ್ ಚೀಲ ಹಾಕಿ, ಒಳಗೆ ಬಂದಕೂಡಲೇ ತೆಗೆಯಿರಿ.

ಒಂದು ಎಚ್ಚರಿಕೆ. ಇದೆಲ್ಲ ಮೊಣಕಾಲಿನ ಕೆಳಗೆ ಮುರಿದ ಆಡು, ಕುರಿಗೆ ಮಾತ್ರ. ತೊಡೆ, ಭುಜದ ಹತ್ತಿರ ಮುರಿದಿದ್ದರೆ ಮನೆಯಲ್ಲಿ ಏನನ್ನೂ ಕಟ್ಟಬೇಡಿ. ಮೇಲಿನ ಕೀಲನ್ನು ಹಿಡಿಯಲು ಆಗುವುದಿಲ್ಲ, ಕಟ್ಟಿದ ಭಾರ ಗಡಿಯಾರದ ಲೋಲಕದಂತೆ ತೂಗಾಡಿ ಮುರಿದ ಜಾಗವನ್ನು ಹರಿಯುತ್ತದೆ. ಎಲುಬು ಹೊರಗೆ ಕಾಣುತ್ತಿದ್ದರೆ ಒಳಗೆ ತಳ್ಳಬೇಡಿ, ಒದ್ದೆ ಮಾಡಿದ ಸ್ವಚ್ಛ ಬಟ್ಟೆ ಮುಚ್ಚಿ ಒಯ್ಯಿರಿ. ಆಕಳು, ಎಮ್ಮೆಗೆ ಪೈಪು ಸಾಲದು, ಅವುಗಳ ತೂಕವೇ ಬೇರೆ. ನಾಯಿ ಕಚ್ಚಿ ಕಾಲಿಗೆ ಗಾಯವಾಗಿದ್ದರೆ ಕಟ್ಟುವುದಕ್ಕಿಂತ ಮೊದಲು ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆದು ಅದೇ ದಿನ ರೇಬಿಸ್ ಲಸಿಕೆ ಶುರು ಮಾಡಿಸಬೇಕು. ತೊಳೆಯುವಾಗ ನಿಮ್ಮ ಕೈಗೆ ಗಾಯ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಮಾತ್ರೆಯ ವಿಷಯ. ಅದರ ಹೆಸರು ಬರೆದಿಲ್ಲ ನೀವು. ಸ್ಟ್ರಿಪ್ ಜೊತೆಗೆ ಒಯ್ದು ಡಾಕ್ಟರಿಗೆ ತೋರಿಸಿ, ಇನ್ನು ಕೊಡಬೇಡಿ. ಮನುಷ್ಯರ ನೋವಿನ ಮಾತ್ರೆಗಳಲ್ಲಿ ಡೈಕ್ಲೋಫೆನಾಕ್ ತುಂಬ ಸಾಮಾನ್ಯ. ಪ್ರಾಣಿಗಳಿಗೆ ಅದನ್ನು ಕೊಡುವುದನ್ನು ನಮ್ಮ ದೇಶದಲ್ಲಿ 2006ರಲ್ಲೇ ನಿಷೇಧಿಸಿದ್ದಾರೆ. ಆ ಔಷಧ ಮೈಯಲ್ಲಿರುವ ಪ್ರಾಣಿ ಸತ್ತು, ಅದನ್ನು ರಣಹದ್ದು ತಿಂದರೆ ಹದ್ದಿನ ಮೂತ್ರಪಿಂಡ ಕೆಟ್ಟು ಅದೂ ಸಾಯುತ್ತದೆ. ನಮ್ಮ ಆಕಾಶದಿಂದ ಹದ್ದುಗಳು ಕಾಣೆಯಾದದ್ದು ಹೀಗೆ. ಅಸೆಕ್ಲೋಫೆನಾಕ್, ಕೀಟೊಪ್ರೊಫೆನ್ ಕೂಡ 2023ರಲ್ಲಿ ನಿಷೇಧವಾದವು. ಆಡಿಗೂ ಇಂಥ ಮಾತ್ರೆ ಲೆಕ್ಕ ತಪ್ಪಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ನೀರು ಕಡಿಮೆ ಕುಡಿಯುತ್ತಿದ್ದರೆ ಮೂತ್ರಪಿಂಡಕ್ಕೂ ಪೆಟ್ಟು. ಪಶುವೈದ್ಯರು ಹೆಚ್ಚಾಗಿ ಮೆಲಾಕ್ಸಿಕಾಮ್ ಕೊಡುತ್ತಾರೆ, ತೂಕ ನೋಡಿ. 

ಹಾಲನ್ನು ಈಗ ನೀವು ಕುಡಿಯಬೇಡಿ, ಮಾರಬೇಡಿ. ಕೊಟ್ಟ ಮಾತ್ರೆ ಯಾವುದೋ, ಮುಂದೆ ಆಂಟಿಬಯೋಟಿಕ್ ಕೊಟ್ಟರೆ ಅದು ಎಷ್ಟು ದಿನ ಹಾಲಿನಲ್ಲಿ ಬರುತ್ತದೋ, ಅದನ್ನು ಔಷಧ ಕೊಡುವ ಡಾಕ್ಟರೇ ದಿನ ಎಣಿಸಿ ಹೇಳಬೇಕು. ಮರಿಗಳಿಗೆ ಕುಡಿಸುವ ವಿಷಯವನ್ನೂ ಅವರಿಗೇ ಕೇಳಿ. ಎರಡು ತಿಂಗಳ ಮರಿಗಳು ಮೇವು ಹಿಡಿದಿರುತ್ತವೆ, ಅಷ್ಟು ಚಿಂತೆ ಬೇಡ. ಕಸಾಯಿಗೆ ಕೊಡುವ ಮಾತಿಗೂ ಇದೇ ಉತ್ತರ. ಔಷಧ ಮೈಯಲ್ಲಿರುವಾಗ ಮಾಂಸಕ್ಕೆ ಮಾರುವುದು ತಿನ್ನುವವರಿಗೆ ಮಾಡುವ ಮೋಸ.

ಇನ್ನು ದಾರಿಗಳು. ಗೊರಸು ಬೆಚ್ಚಗಿದ್ದು, ಚರ್ಮ ಉಳಿದಿದ್ದರೆ ಡಾಕ್ಟರು ಹಾಕುವ ಪ್ಲಾಸ್ಟರ್ ಅಥವಾ ಫೈಬರ್ ಕಟ್ಟು ನಿಮಗೆ ಒಳ್ಳೆಯದು. ಚರ್ಮ ಸುಲಿದಿರುವುದರಿಂದ ಅವರು ಕೆಲವು ದಿನ ಬಿಚ್ಚಿ ತೊಳೆಯುವ ಕಟ್ಟನ್ನೇ ಇಡಬಹುದು, ಆತುರ ಮಾಡಬೇಡಿ. ಮೂರು ವರ್ಷದ ಆಡಿಗೆ ಎಲುಬು ಗಟ್ಟಿಯಾಗಲು ಆರರಿಂದ ಎಂಟು ವಾರ ಹಿಡಿಯಿರಿ. ಮರಿಗಳಿಗೆ ಮೂರು ನಾಲ್ಕು ವಾರ ಸಾಕು, ಆದರೆ ಅವು ಬೆಳೆಯುತ್ತಿರುತ್ತವೆ, ಎರಡು ವಾರಕ್ಕೊಮ್ಮೆ ಕಟ್ಟು ಬದಲಿಸದಿದ್ದರೆ ಅದೇ ಉರುಳಾಗುತ್ತದೆ. ಎಲುಬು ಚೂರಾಗಿದ್ದರೆ ರಾಡು ಹಾಕುವ ಆಪರೇಷನ್ ಇದೆ. ಖರ್ಚು ಜಾಸ್ತಿ, ಸೋಂಕಿನ ಭಯವೂ ಇದೆ. ನಾಲ್ಕು ಆಡಿನ ಮನೆಗೆ ಅದನ್ನು ಮಾಡಿಸಲೇಬೇಕು ಅಂತ ನಾನು ಹೇಳುವುದಿಲ್ಲ. ಕಾಲು ಸತ್ತಿದ್ದರೆ ಕತ್ತರಿಸಬೇಕು. ಕೇಳಲು ಕಷ್ಟ, ಆದರೆ ಆಡು ಹಗುರ ಪ್ರಾಣಿ. ಮೂರು ಕಾಲಲ್ಲಿ ಮೇಯುತ್ತದೆ, ಮರಿ ಹಾಕುತ್ತದೆ. ಮೈಭಾರದ ಹೆಚ್ಚಿನ ಪಾಲು ಮುಂಗಾಲುಗಳ ಮೇಲೆ ಬೀಳುವುದರಿಂದ ಹಿಂಗಾಲು ಹೋದ ಆಡಿಗಿಂತ ನಿಮ್ಮ ಆಡಿಗೆ ಕಷ್ಟ ಸ್ವಲ್ಪ ಹೆಚ್ಚು. ಸತ್ತ ಕಾಲನ್ನು ಹಾಗೇ ಬಿಟ್ಟರೆ ಮಾತ್ರ ವಿಷ ಮೈಗೆ ಏರಿ ಆಡೇ ಹೋಗುತ್ತದೆ.

ಎಲ್ಲಿಗೆ ಹೋಗಬೇಕು? 1962ಕ್ಕೆ ಫೋನ್ ಮಾಡಿ, ಅದು ಪಶುಗಳ ಸಂಚಾರಿ ದವಾಖಾನೆಯ ಉಚಿತ ನಂಬರು. ಮರಾಠಿ ತೊಡಕಾದರೆ ಇಷ್ಟು ಹೇಳಿ ಸಾಕು: 'ಶೇಳೀಚಾ ಪಾಯ ಮೋಡಲಾ ಆಹೆ, ಸೂಜ ಆಹೆ, ವಾಸ ಯೇತೊ.' ಆಡಿನ ಕಾಲು ಮುರಿದಿದೆ, ಬಾತಿದೆ, ವಾಸನೆ ಬರುತ್ತಿದೆ ಅಂತ. ಗಾಡಿ ಬರದಿದ್ದರೆ ಹತ್ತಿರದ 'ಪಶುವೈದ್ಯಕೀಯ ದವಾಖಾನಾ' ಹುಡುಕಿ. ಬೋರ್ಡಿನ ಮೇಲೆ ಶ್ರೇಣಿ 1 ಅಂತ ಇದ್ದರೆ ಅದು ಡಾಕ್ಟರು ಇರುವ ದವಾಖಾನೆ. ಔಂಧ್‌ನಲ್ಲಿ ಜಿಲ್ಲಾ ಪಶುವೈದ್ಯಕೀಯ ಸರ್ವಚಿಕಿತ್ಸಾಲಯ ಇದೆ. ನಿಮಗೆ ದೂರ, ಆದ್ದರಿಂದ ಎಕ್ಸ್-ರೇ ಸಿಗುತ್ತದೆಯಾ ಅಂತ ಮೊದಲೇ ಕೇಳಿಕೊಂಡು ಹೊರಡಿ. ರಿಕ್ಷಾದಲ್ಲಿ ಆಡನ್ನು ನಿಲ್ಲಿಸಬೇಡಿ, ಗೋಣಿಚೀಲದ ಮೇಲೆ ಮುರಿದ ಕಾಲು ಮೇಲೆ ಬರುವಂತೆ ಕೂರಿಸಿಕೊಂಡು ಹೋಗಿ. ಥರ್ಮಾಮೀಟರ್ ಇದ್ದರೆ ಗುದದಲ್ಲಿ ಇಟ್ಟು ಜ್ವರ ನೋಡಿ. ಆಡಿನ ಮೈ ನಮಗಿಂತ ಬಿಸಿ, 102, 103 ಸಹಜ. 104 ದಾಟಿದ್ದರೆ ಡಾಕ್ಟರಿಗೆ ಮೊದಲು ಅದನ್ನೇ ಹೇಳಿ.

ವಾಪಸು ಬಂದ ಮೇಲೆ ನಾಲ್ಕು ಅಡಿಗೆ ನಾಲ್ಕು ಅಡಿ ಜಾಗ ಮರೆ ಮಾಡಿ, ಒಣ ಕಣಿಕಿ ಹಾಸಿ, ಅಲ್ಲೇ ಇಡಿ. ಕೊರಳಿಗೆ ಉದ್ದ ಹಗ್ಗ ಬೇಡ, ಕಾಲಿಗೆ ಸುತ್ತುತ್ತದೆ. ಮರಿಗಳು ಮೇಲೆ ಹತ್ತಿ ಕುಣಿಯುತ್ತವೆ, ಅವನ್ನು ಬೇರೆ ಕಟ್ಟಿ. ಪಾಪ ಅಂತ ಕಲ್ಯಾಣ ಮಂಟಪದ ಉಳಿದ ಅನ್ನ, ಚಪಾತಿ, ಬೆಲ್ಲ ಹಾಕಬೇಡಿ. ಒಂದೇ ಕಡೆ ನಿಂತ ಆಡಿಗೆ ಅದು ಹೊಟ್ಟೆಯಲ್ಲಿ ಹುಳಿಯಾಗಿ ಜೀವಕ್ಕೇ ಬರುತ್ತದೆ. ಶೇಂಗಾ ಹೊಟ್ಟು, ಸುಬಾಬುಲ್ ಸೊಪ್ಪು, ಸ್ವಲ್ಪ ಖನಿಜ ಮಿಶ್ರಣ, ಬೇಕಾದಷ್ಟು ನೀರು ಸಾಕು. ಕ್ಯಾಲ್ಸಿಯಂ ಟಾನಿಕ್ ಬಾಟಲಿಗಟ್ಟಲೆ ಕುಡಿಸಿದರೆ ಎಲುಬು ಬೇಗ ಕೂಡುತ್ತದೆ ಅನ್ನುವುದು ಅಂಗಡಿಯವರ ಮಾತು. ಬೆಳಿಗ್ಗೆ, ಸಂಜೆ ಗೊರಸು ಮುಟ್ಟಿ ನೋಡಿ. ತಣ್ಣಗಾದರೆ, ಕಟ್ಟು ಒದ್ದೆಯಾದರೆ, ನಾರಿದರೆ, ಆಡು ಕಟ್ಟನ್ನು ಕಚ್ಚತೊಡಗಿದರೆ, ನಿನ್ನೆ ಊರುತ್ತಿದ್ದ ಕಾಲನ್ನು ಇವತ್ತು ಎತ್ತಿಕೊಂಡರೆ ದಿನ ಎಣಿಸದೆ ಬಿಚ್ಚಿಸಿ.

ಕೊನೆಗೆ ಕಟ್ಟು ತೆಗೆದ ದಿನ ಕಾಲು ಕಡ್ಡಿಯಂತೆ ಸಣಕಲಾಗಿರುತ್ತದೆ. ಕೂದಲು ಉದುರಿರುತ್ತದೆ, ಮೊಣಕಾಲು ಮಡಚುವುದಿಲ್ಲ, ಮುರಿದ ಜಾಗದಲ್ಲಿ ಲಿಂಬೆಹಣ್ಣಿನಷ್ಟು ಗಂಟು ಸಿಗುತ್ತದೆ. ಆ ಗಂಟೇ ಹೊಸ ಎಲುಬು, ತಿಂಗಳುಗಳಲ್ಲಿ ಸವೆಯುತ್ತದೆ. ತಿಕ್ಕಿ ಕರಗಿಸಲು ಹೋಗಬೇಡಿ. ಊರದೆ ಇದ್ದದ್ದರಿಂದ ಗೊರಸು ಉದ್ದ ಬೆಳೆದಿರುತ್ತದೆ, ಅದನ್ನು ಕತ್ತರಿಸಿಕೊಂಡೇ ಮನೆಗೆ ಬನ್ನಿ. ಮೊದಲ ವಾರ ಅಂಗಳದಲ್ಲಷ್ಟೇ ಬಿಡಿ. ಅಷ್ಟರೊಳಗೆ ಆ ಚರಂಡಿ ಜಾಳಿಗೆಯ ಮೇಲೆ ಒಂದು ಕಲ್ಲುಚಪ್ಪಡಿ ಹಾಕಿಸಲು ನಿಮ್ಮ ಯಜಮಾನರಿಗೆ ಹೇಳಿ.